ಬೇರು, ಮಣ್ಣು, ಸೂಕ್ಷ್ಮಜೀವಿ: ಬಳ್ಳಾರಿ ಸೀಮೆಯ ನೆಲದಡಿಯ ರಸಾಯನ

ಬಳ್ಳಾರಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬಿಣದ ಅದಿರು. ಸಂಡೂರಿನ ಗುಡ್ಡಗಳನ್ನು ಅಗೆದು ದೇಶ ವಿದೇಶಗಳಿಗೆ ಕಬ್ಬಿಣ ಕಳಿಸಿದ ಈ ಜಿಲ್ಲೆಯಲ್ಲೇ, ಸುಣ್ಣ ಹೆಚ್ಚಿರುವ ಹೊಲದಲ್ಲಿ ಬಿತ್ತಿದ ಶೇಂಗಾ ಕಬ್ಬಿಣ ಸಾಲದೆ ಹಳದಿಯಾಗುತ್ತದೆ. ಆ ಹೊಲದ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ ಕೆಲವು ಪಾಲು ಇದ್ದೇ ಇರುತ್ತದೆ. ಆದರೆ ಮಣ್ಣಿನ ರಸಸಾರ ಒಂದು ಅಂಕ ಏರಿದರೆ ನೀರಿನಲ್ಲಿ ಕರಗುವ ಫೆರಿಕ್ ಕಬ್ಬಿಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ರಸಸಾರ 8 ದಾಟಿದ ನೆಲದಲ್ಲಿ ಬೇರಿನ ಪಕ್ಕದಲ್ಲೇ ಬಿದ್ದಿರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ.

ಹೀಗೆ ಇದ್ದೂ ಸಿಗದ ಪೋಷಕಾಂಶಕ್ಕಾಗಿ ಗಿಡ ಸುಮ್ಮನೆ ಕಾಯುತ್ತ ಕೂರುವುದಿಲ್ಲ. ಬೇರಿನಿಂದ ಆಮ್ಲ, ಸಕ್ಕರೆ, ಅಮೈನೋ ಆಮ್ಲ, ಫೀನಾಲು, ಹಾರ್ಮೋನುಗಳನ್ನು ಮಣ್ಣಿಗೆ ಸುರಿಸುತ್ತದೆ. ಅವುಗಳಲ್ಲಿ ಕೆಲವು ನೇರವಾಗಿ ಖನಿಜವನ್ನು ಕರಗಿಸುತ್ತವೆ. ಉಳಿದವು ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಕರೆಯುತ್ತವೆ, ಸಾಕುತ್ತವೆ, ಕೆಲವೊಮ್ಮೆ ಓಡಿಸುತ್ತವೆ. ಬೇರಿಗೆ ಅಂಟಿಕೊಂಡಂತಿರುವ, ಕೆಲವೇ ಮಿಲಿಮೀಟರು ದಪ್ಪದ ಈ ಮಣ್ಣಿನ ಪದರವನ್ನು ಜರ್ಮನಿಯ ಲೊರೆಂಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಎಂದು ಕರೆದರು. ಕನ್ನಡದಲ್ಲಿ ಅದು ಬೇರುವಲಯ. ದ್ಯುತಿಸಂಶ್ಲೇಷಣೆಯಲ್ಲಿ ಗಿಡ ಗಳಿಸಿದ ಇಂಗಾಲದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಹೀಗೆ ಬೇರಿನ ಮೂಲಕ ಮಣ್ಣು ಸೇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಗಿಡಕ್ಕೆ ಇದು ಸಣ್ಣ ಖರ್ಚೇನಲ್ಲ. ಯಾವ ಪೋಷಕಾಂಶದ ಕೊರತೆ ಇದೆ ಎಂಬುದರ ಮೇಲೆ ಏನನ್ನು, ಎಷ್ಟು ಸುರಿಸಬೇಕು ಎಂಬುದು ತೀರ್ಮಾನವಾಗುತ್ತದೆ. ಹಸಿದ ಬೇರಿನ ಸ್ರಾವ ಒಂದು ಬಗೆಯದು. ಹೊಟ್ಟೆ ತುಂಬಿದ ಬೇರಿನದು ಬೇರೆಯೇ ಬಗೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹೊಲ ಗದ್ದೆಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಎರೆ, ಮಸಾರಿ, ಕಾಲುವೆ

ವರ್ಷಕ್ಕೆ ಸುಮಾರು 500 ಮಿಲಿಮೀಟರು ಮಳೆ ಬೀಳುವ ಈ ಸೀಮೆಯ ನೆಲ ಮುಖ್ಯವಾಗಿ ಎರಡು ಬಗೆ. ಒಂದು ಎರೆ ಭೂಮಿ: ಒಣಗಿದರೆ ಬಿರುಕು ಬಿಡುವ, ನೆನೆದರೆ ಉಬ್ಬುವ ಜೇಡಿಯ ಕಪ್ಪು ಮಣ್ಣು. ಸುಣ್ಣದ ಅಂಶ ಹೆಚ್ಚು, ರಸಸಾರ ಸಾಮಾನ್ಯವಾಗಿ 8ರ ಮೇಲೆ, ಸಾವಯವ ಇಂಗಾಲ ಕಡಿಮೆ. ಇನ್ನೊಂದು ಮಸಾರಿ: ಗ್ರಾನೈಟು ಗುಡ್ಡಗಳ ಬುಡದ ಕೆಂಪು, ಮರಳು ಮಿಶ್ರಿತ ಮಣ್ಣು. ಎರೆಯಲ್ಲಿ ರಂಜಕ ಹೆಚ್ಚಾಗಿ ಸುಣ್ಣದ ಜೊತೆ ಗಟ್ಟಿಯಾಗಿ ಕೂತಿರುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳ ಜೊತೆ. ಎರಡೂ ಕಡೆ ರಂಜಕ ಸಿಗುವುದು ಕಷ್ಟ, ಆದರೆ ಬಿಡಿಸಿಕೊಳ್ಳುವ ರಸಾಯನ ಬೇರೆ ಬೇರೆ. ಮುಂದಿನ ಅರ್ಧ ಕಥೆ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಮೂರನೆಯ ಅಂಶ ಕಾಲುವೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ, ಕೆಳಮಟ್ಟದ ಕಾಲುವೆ ಮತ್ತು ಮೇಲ್ಮಟ್ಟದ ಕಾಲುವೆಗಳು ಜೋಳ, ಹತ್ತಿಯ ಬಯಲಿಗೆ ನೀರು ಹರಿಸಿದವು. ಸಿರುಗುಪ್ಪ ಭತ್ತದ ಊರಾಯಿತು, ಅಕ್ಕಿ ಗಿರಣಿಗಳ ಊರಾಯಿತು. ಕುರುಗೋಡಿನ ಸುತ್ತ ಮೆಣಸಿನಕಾಯಿ, ಹತ್ತಿ, ಭತ್ತ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ. ಸಾವಿರಾರು ವರ್ಷ ಒಣಗಿದ್ದ ಎರೆ ನೆಲ ಕೆಲವೇ ದಶಕಗಳಲ್ಲಿ ವರ್ಷದ ಹಲವು ತಿಂಗಳು ನೀರಡಿಯ ನೆಲವಾದದ್ದು ಮಣ್ಣಿನ ಸೂಕ್ಷ್ಮಜೀವಿಗಳ ಪಾಲಿಗೆ ಸಣ್ಣ ಬದಲಾವಣೆಯಲ್ಲ.

ಈ ನೆಲದ ಅಧ್ಯಯನಕ್ಕೆ ಹಳೆಯ ಪರಂಪರೆಯಿದೆ. ಬಳ್ಳಾರಿ ಹತ್ತಿರದ ಹಗರಿಯ ಕೃಷಿ ಸಂಶೋಧನಾ ಕೇಂದ್ರ 1906ರದು, ಮದ್ರಾಸ್ ಪ್ರಾಂತ್ಯದ ಕಾಲದ್ದು. 1930ರ ದಶಕದಲ್ಲಿ ಭಾರತದಲ್ಲಿ ಒಣ ಬೇಸಾಯದ ಸಂಶೋಧನೆಗೆಂದು ಆರಿಸಿಕೊಂಡ ಐದು ಊರುಗಳಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ರೋಹ್ಟಕ್ ಜೊತೆಗೆ ಹಗರಿಯೂ ಸೇರಿತ್ತು. ಬಳ್ಳಾರಿ ನಗರದಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಲ್ಲಿ ಶುರುವಾಯಿತು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಈ ಕೇಂದ್ರಗಳ ಹೆಚ್ಚಿನ ಗಮನ ನೀರು, ತಳಿ, ಗೊಬ್ಬರಗಳ ಕಡೆಗೆ ಇದ್ದದ್ದು ಸಹಜ. ಬೇರಿನ ಸುತ್ತಲಿನ ಮಿಲಿಮೀಟರಿನ ಒಳಗೆ ಇಣುಕುವ ಉಪಕರಣಗಳು ಜಗತ್ತಿಗೇ ತಡವಾಗಿ ದಕ್ಕಿದವು.

ರಂಜಕ: ಹಸಿವಿನ ಕರೆ

ಪೋಷಕಾಂಶಗಳ ಪೈಕಿ ಮಣ್ಣಿನಲ್ಲಿ ಅತ್ಯಂತ ನಿಧಾನವಾಗಿ ಚಲಿಸುವುದು ರಂಜಕ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿದ್ದ ಫಾಸ್ಫೇಟನ್ನು ಹೀರಿದ ಮೇಲೆ ಆ ಜಾಗ ಬರಿದಾಗುತ್ತದೆ, ಹೊರಗಿನಿಂದ ತುಂಬಿಕೊಳ್ಳುವುದಿಲ್ಲ. ಆಗ ಬೇರಿನ ನೆರವಿಗೆ ಬರುವುದು ಮೈಕೊರೈಜಾ ಎಂಬ ಶಿಲೀಂಧ್ರ. ಬೇರಿನ ಕೋಶದೊಳಗೆ ಮರದ ಟೊಂಗೆಗಳಂತೆ ಕವಲೊಡೆದು, ಇನ್ನೊಂದು ತುದಿಯಲ್ಲಿ ತನ್ನ ಎಳೆಗಳನ್ನು ಮಣ್ಣಿನಲ್ಲಿ ಹಲವು ಸೆಂಟಿಮೀಟರು ದೂರ ಹರಡಿ, ಅಲ್ಲಿಂದ ರಂಜಕ, ಸತು ತರುತ್ತದೆ. ಪ್ರತಿಯಾಗಿ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ; ಕೊಬ್ಬಿನಾಮ್ಲವನ್ನೂ ಕೊಡುತ್ತದೆ ಎಂಬುದು 2017ರಲ್ಲಿ ಖಚಿತವಾಯಿತು. ಈ ಶಿಲೀಂಧ್ರಕ್ಕೆ ಸ್ವಂತವಾಗಿ ಕೊಬ್ಬಿನಾಮ್ಲ ತಯಾರಿಸಲು ಬರುವುದಿಲ್ಲ.

ಶಿಲೀಂಧ್ರಕ್ಕೆ ಬೇರಿನ ವಿಳಾಸ ತಿಳಿಸುವುದು ಸ್ಟ್ರಿಗೋಲ್ಯಾಕ್ಟೋನ್ ಎಂಬ ಅಣುಗಳ ಗುಂಪು. ರಂಜಕ ಕಡಿಮೆಯಾದಾಗ ಬೇರು ಇದನ್ನು ಹೆಚ್ಚು ಸ್ರವಿಸುತ್ತದೆ, ರಂಜಕ ಸಾಕಷ್ಟಿದ್ದರೆ ನಿಲ್ಲಿಸುತ್ತದೆ. ಅತ್ಯಲ್ಪ ಪ್ರಮಾಣ ತಗುಲಿದರೂ ಮೈಕೊರೈಜಾದ ಎಳೆ ಕವಲೊಡೆಯಲು ಆರಂಭಿಸುತ್ತದೆ ಎಂಬುದನ್ನು ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆದರೆ ಈ ಗುಂಪಿನ ಮೊದಲ ಅಣು ಸಿಕ್ಕಿದ್ದು ಅದಕ್ಕೂ ನಾಲ್ಕು ದಶಕ ಹಿಂದೆ, 1966ರಲ್ಲಿ, ಅದೂ ಹತ್ತಿಯ ಬೇರಿನಿಂದ. ಆಗ ಹುಡುಕುತ್ತಿದ್ದದ್ದು ಉಪಕಾರಿ ಶಿಲೀಂಧ್ರದ ಕರೆಯನ್ನಲ್ಲ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವನ್ನು ಎಬ್ಬಿಸುವ ವಸ್ತುವನ್ನು.

ಹತ್ತಿ ಮತ್ತು ಜೋಳ ಎರಡೂ ಬಳ್ಳಾರಿಯ ಎರೆಯ ಹಳೆಯ ಬೆಳೆಗಳಾದ್ದರಿಂದ ಈ ಸಂಗತಿ ಇಲ್ಲಿ ತುಸು ವಿವರಕ್ಕೆ ತಕ್ಕದ್ದು. ಸ್ಟ್ರೈಗಾದ ದೂಳಿನಂಥ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಹತ್ತಿರದಲ್ಲಿ ಬೇರಿನ ಸ್ಟ್ರಿಗೋಲ್ಯಾಕ್ಟೋನ್ ಸಿಕ್ಕರಷ್ಟೇ ಮೊಳೆತು, ಜೋಳದ ಬೇರಿಗೆ ಬಾಯಿ ಹಾಕಿ ರಸ ಹೀರುತ್ತವೆ. ಹಳ್ಳಿಯಲ್ಲಿ ಡಂಗುರ ಸಾರಿದರೆ ಕರೆದವರಷ್ಟೇ ಅಲ್ಲ, ಕಳ್ಳರೂ ಕೇಳಿಸಿಕೊಂಡ ಹಾಗೆ. ಸಾರಜನಕ, ರಂಜಕ ಎರಡೂ ಕಡಿಮೆಯಾದ ಹೊಲದಲ್ಲಿ ಜೋಳ ಈ ಅಣುವನ್ನು ಹೆಚ್ಚು ಸ್ರವಿಸುತ್ತದೆ. ಗೊಬ್ಬರ ಕಾಣದ ಬಡ ಹೊಲದಲ್ಲೇ ಸ್ಟ್ರೈಗಾ ಕಾಟ ಜಾಸ್ತಿ ಎಂಬ ರೈತರ ಅನುಭವಕ್ಕೆ ಇಲ್ಲೊಂದು ಕಾರಣವಿದೆ. ಹತ್ತಿಯ ಬೇರು ಬೀಜವನ್ನು ಮೊಳೆಸುತ್ತದೆ, ಆದರೆ ಹತ್ತಿಗೆ ಸ್ಟ್ರೈಗಾ ಅಂಟುವುದಿಲ್ಲ. ಮೊಳೆತ ಕಳೆ ಆಸರೆಯಿಲ್ಲದೆ ಸಾಯುತ್ತದೆ. ಜೋಳದ ನಂತರ ಹತ್ತಿ ಬಿತ್ತುವುದು ಹೀಗೆ ಕಳೆಗೆ ಬಲೆಯೂ ಆಗುತ್ತದೆ.

ಗಿಡಕ್ಕೆ ತನ್ನ ರಂಜಕದ ಮಟ್ಟ ತಿಳಿಯುವುದು ಹೇಗೆ? ಅದಕ್ಕೊಂದು ಪ್ರೋಟೀನುಗಳ ಬಳಗವಿದೆ, ವಿಜ್ಞಾನಿಗಳು ಪಿಎಚ್‌ಆರ್ ಎನ್ನುತ್ತಾರೆ. ರಂಜಕ ಕಡಿಮೆಯಾದೊಡನೆ ಇದು ನೂರಾರು ಜೀನುಗಳನ್ನು ಚಾಲೂ ಮಾಡುತ್ತದೆ. ಭತ್ತದಲ್ಲಿ ಮೈಕೊರೈಜಾ ಸಂಬಂಧಕ್ಕೆ ಬೇಕಾದ ಜೀನುಗಳೂ ಇದರ ಹಿಡಿತದಲ್ಲೇ ಇವೆ ಎಂದು ಚೀನಾದ ತಂಡವೊಂದು 2021ರಲ್ಲಿ ಪ್ರಕಟಿಸಿತು. ಇನ್ನೂ ಕುತೂಹಲದ ಸಂಗತಿ 2017ರಲ್ಲಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಲ್ಲಿ ಕಂಡುಬಂತು: ರಂಜಕದ ಹಸಿವು ಜೋರಾದಾಗ ಇದೇ ಪ್ರೋಟೀನು ಗಿಡದ ರೋಗನಿರೋಧಕ ವ್ಯವಸ್ಥೆಯ ಒಂದು ಭಾಗವನ್ನು ತಗ್ಗಿಸುತ್ತದೆ. ಅಂದರೆ, ಹಸಿದ ಗಿಡ ಬಾಗಿಲನ್ನು ಅರ್ಧ ತೆರೆದಿಡುತ್ತದೆ. ಒಳಗೆ ಬರುವವರು ಎಲ್ಲರೂ ಒಳ್ಳೆಯವರೇ ಆಗಿರಬೇಕಿಲ್ಲ.

ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರಿಗೆ ಹಣ್ಣುಕೊಳೆ ರೋಗದ ಮೂಲಕ ಪರಿಚಿತವಾದ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಕುಲವಿದೆ. ಅದೇ ಕುಲದ ಇನ್ನೊಂದು ಪ್ರಭೇದ ಅರಾಬಿಡಾಪ್ಸಿಸ್ ಬೇರಿನಲ್ಲಿ ನೆಲೆಸಿ, ರಂಜಕ ಕಡಿಮೆಯಿದ್ದಾಗ ಮಾತ್ರ ಗಿಡಕ್ಕೆ ರಂಜಕ ತಂದುಕೊಡುತ್ತದೆ ಎಂದು 2016ರಲ್ಲಿ ತಿಳಿದುಬಂತು. ರೋಗಕಾರಕ, ಗೆಳೆಯ ಎಂಬ ಗೆರೆಯನ್ನು ಎಳೆಯುವುದರಲ್ಲಿ ಮಣ್ಣಿನ ಪೋಷಕಾಂಶಕ್ಕೂ ಪಾಲಿದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಅಪರೂಪ.

ಮೆಣಸಿನಕಾಯಿ ಮತ್ತು ಮೈಕೊರೈಜಾ ಕುರಿತು ಕರ್ನಾಟಕದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ಮೈಕೊರೈಜಾ ಸಂಶೋಧನೆಯಲ್ಲಿ ಜಗತ್ತಿನ ಪ್ರಮುಖ ಹೆಸರುಗಳಲ್ಲೊಂದು. 1984ರಲ್ಲಿ ನ್ಯೂಜಿಲೆಂಡಿನ ಪಾವೆಲ್ ಜೊತೆ ಸೇರಿ ಅವರು ಸಂಪಾದಿಸಿದ ಗ್ರಂಥ ಈ ಕ್ಷೇತ್ರದ ವಿದ್ಯಾರ್ಥಿಗಳು ದಶಕಗಳ ಕಾಲ ಓದಿದ ಪುಸ್ತಕ. ಅವರೂ ಶ್ರೀರಾಮುಲು ಅವರೂ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಸಿಮಡಿಯಲ್ಲೇ ಮೈಕೊರೈಜಾ ಸೋಂಕು ಕೊಟ್ಟು ನೆಟ್ಟ ಮೆಣಸಿನ ಸಸಿ ಹೆಚ್ಚು ಇಳುವರಿ ಕೊಟ್ಟಿತು, ರಂಜಕದ ಗೊಬ್ಬರವೂ ಉಳಿಯಿತು. 1986ರಲ್ಲಿ ಕಪ್ಪು ಜೇಡಿ ಮಣ್ಣಿನಲ್ಲಿ ಮೆಣಸಿನಕಾಯಿಯ ಮೇಲೆ ನಡೆಸಿದ ಪ್ರಯೋಗದ ವರದಿಯೂ ಬಂತು. ಸಸಿಮಡಿಯನ್ನು ಆರಿಸಿಕೊಂಡದ್ದು ಜಾಣತನ: ಚಿಕ್ಕ ಜಾಗ, ಕಡಿಮೆ ಖರ್ಚು, ಮತ್ತು ಅಲ್ಲಿ ಇನ್ನೂ ಚೀಲಗಟ್ಟಲೆ ಗೊಬ್ಬರ ಬಿದ್ದಿರುವುದಿಲ್ಲ.

ಆ ಕೊನೆಯ ಕಾರಣವೇ ಮುಖ್ಯ. 50 ಕಿಲೋ ಡಿಎಪಿ ಚೀಲವೊಂದರಲ್ಲಿ 9 ಕಿಲೋ ಸಾರಜನಕ, ಆಕ್ಸೈಡಿನ ಲೆಕ್ಕದಲ್ಲಿ 23 ಕಿಲೋ ರಂಜಕ ಇರುತ್ತದೆ. ಮೊದಲ ಬೆಳೆ ಅದರಲ್ಲಿ ಬಳಸಿಕೊಳ್ಳುವುದು ಸಣ್ಣ ಪಾಲು. ಉಳಿದದ್ದು ಎರೆಯ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತದೆ. ಮೆಣಸಿನಕಾಯಿಯಂಥ ದುಬಾರಿ ಬೆಳೆಗೆ ರೈತರು ಕೈಬಿಚ್ಚಿ ಗೊಬ್ಬರ ಹಾಕುತ್ತಾರೆ, ತಪ್ಪು ಎನ್ನುವ ಹಾಗೂ ಇಲ್ಲ, ಬೆಲೆ ಬಂದ ವರ್ಷ ಅದು ಲಾಭವೇ. ಆದರೆ ಗೊಬ್ಬರ ಬಿದ್ದ ಹೊಸದರಲ್ಲಿ ರಂಜಕ ಧಾರಾಳವಾಗಿ ಸಿಕ್ಕ ಬೇರು ಮೈಕೊರೈಜಾವನ್ನು ಕರೆಯುವುದನ್ನು ನಿಲ್ಲಿಸುತ್ತದೆ. ಶಿಲೀಂಧ್ರದ ಜೊತೆ ಬರುತ್ತಿದ್ದ ಸತುವೂ ನಿಲ್ಲುತ್ತದೆ. ರಂಜಕ ಅತಿಯಾದ ಹೊಲದಲ್ಲಿ ಸತುವಿನ ಕೊರತೆ ಕಾಣಿಸಿಕೊಳ್ಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಡಿಎಪಿಯ ಹಿಂದೆಯೇ ಜಿಂಕ್ ಸಲ್ಫೇಟ್ ಕೊಳ್ಳಬೇಕಾದ ಖರ್ಚಿನ ಒಂದಿಷ್ಟು ಪಾಲು ಹೀಗೆ ಬೇರಿನ ಮೌನದ ಲೆಕ್ಕಕ್ಕೆ ಸೇರುತ್ತದೆ.

ಎಲ್ಲ ಬೆಳೆಯೂ ಶಿಲೀಂಧ್ರವನ್ನೇ ನಂಬಿ ಕೂರುವುದಿಲ್ಲ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಜಪಾನಿನ ನೊರಿಹಾರು ಆಯೆ ಮತ್ತು ಸಂಗಡಿಗರು ತೊಗರಿಯ ಮೇಲೆ ಮಾಡಿದ, 1990ರಲ್ಲಿ ಪ್ರಕಟವಾದ ಕೆಲಸ ಇದಕ್ಕೆ ಸಾಕ್ಷಿ. ಅವರು ಕಪ್ಪು ಮಣ್ಣು, ಕೆಂಪು ಮಣ್ಣು ಎರಡನ್ನೂ ತೆಗೆದುಕೊಂಡರು. ರಂಜಕದ ಗೊಬ್ಬರ ಹಾಕದೆಯೂ ಕೆಂಪು ಮಣ್ಣಿನಲ್ಲಿ ಬೇರೆ ಬೆಳೆಗಳಿಗಿಂತ ಚೆನ್ನಾಗಿ ನಿಂತದ್ದು ತೊಗರಿ. ಅದರ ಬೇರು ಪಿಸಿಡಿಕ್ ಆಮ್ಲ ಮತ್ತು ಅದರ ಸಂಬಂಧಿಕ ಆಮ್ಲಗಳನ್ನು ಸ್ರವಿಸಿ, ಕಬ್ಬಿಣವನ್ನು ಹಿಡಿದು, ಅದಕ್ಕೆ ಅಂಟಿದ್ದ ಫಾಸ್ಫೇಟನ್ನು ಬಿಡಿಸುತ್ತದೆ. ಮಸಾರಿ ಹೊಲದಲ್ಲಿ ಶೇಂಗಾದ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಹಾಕುವ ಇಲ್ಲಿನ ರೂಢಿಗೆ ನೂರು ಕಾರಣಗಳಿರಬಹುದು, ಆದರೆ ಬೇರಿನ ರಸಾಯನವೂ ಆ ರೂಢಿಯ ಪರವಾಗಿದೆ.

ಎರೆಯ ಹಿಂಗಾರಿ ಕಡಲೆಯ ದಾರಿ ಇನ್ನೊಂದು. ಕಡಲೆ ಗಿಡದ ಹುಳಿ ಉತ್ತರ ಕರ್ನಾಟಕದವರಿಗೆ ಗೊತ್ತು: ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿ ಇಟ್ಟುಕೊಳ್ಳುತ್ತಿದ್ದರು. ಎಲೆಯ ಆ ಹುಳಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಬೇರೂ ಹಿಂದೆ ಬಿದ್ದಿಲ್ಲ. ಅದು ಮ್ಯಾಲೋನೇಟ್, ಸಿಟ್ರೇಟ್, ಮ್ಯಾಲೇಟುಗಳನ್ನು ಸುರಿಸುತ್ತದೆ. ಸಿಟ್ರೇಟು ಸುಣ್ಣದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಾಗ ರಂಜಕ ಬಿಡುಗಡೆಯಾಗುತ್ತದೆ.

ಸಾರಜನಕ: ಗಂಟು ಕಟ್ಟುವ ಮಾತು

ಬೇಳೆಕಾಳು ಗಿಡದ ಬೇರುಗಂಟಿನಲ್ಲಿ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ ಎಂಬುದು ಶಾಲೆಯ ಪಾಠ. ಆ ಒಪ್ಪಂದಕ್ಕೆ ಮುಂಚೆ ನಡೆಯುವ ಮಾತುಕತೆ ಅಷ್ಟು ಪರಿಚಿತವಲ್ಲ. ಸಾರಜನಕ ಕಡಿಮೆಯಾದಾಗ ಬೇರು ಫ್ಲೇವನಾಯ್ಡುಗಳನ್ನು ಸ್ರವಿಸುತ್ತದೆ. ತನಗೆ ಹೊಂದುವ ಫ್ಲೇವನಾಯ್ಡು ಸಿಕ್ಕರೆ ರೈಜೋಬಿಯಂ ನಾಡ್ ಅಂಶ ಎಂಬ ಸಂಕೇತದ ಅಣುವನ್ನು ತಯಾರಿಸಿ ಉತ್ತರ ಕೊಡುತ್ತದೆ. ಬೇರುಗೂದಲು ಬಾಗುತ್ತದೆ, ಬ್ಯಾಕ್ಟೀರಿಯಾ ಒಳ ಸೇರುತ್ತದೆ. ಕಡಲೆ ಈ ವಿಷಯದಲ್ಲಿ ಬಲು ಹಟಮಾರಿ, ಮೀಸೋರೈಜೋಬಿಯಂ ಗುಂಪಿನ ಕೆಲವನ್ನಷ್ಟೇ ಒಪ್ಪುತ್ತದೆ. ಶೇಂಗಾ ಉದಾರಿ, ಬ್ರಾಡಿರೈಜೋಬಿಯಂ ಗುಂಪಿನ ಹಲವು ಬಗೆಗಳಿಗೆ ಜಾಗ ಕೊಡುತ್ತದೆ, ಅವು ಬೇರುಗೂದಲಿನ ಮೂಲಕವಲ್ಲ, ಪಕ್ಕದ ಬೇರು ಹೊರಬರುವ ಸೀಳಿನಿಂದಲೇ ಒಳನುಗ್ಗುತ್ತವೆ. ಕಡಲೆಯನ್ನು ಮೊದಲ ಸಲ ಬಿತ್ತುವ ಹೊಲದಲ್ಲಿ ಬೀಜಕ್ಕೆ ಬೆಲ್ಲದ ನೀರು ಸೇರಿಸಿ ರೈಜೋಬಿಯಂ ಲೇಪಿಸಲು ಹೇಳುವುದು ಈ ಹಟಕ್ಕಾಗಿಯೇ.

ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಮಾತುಕತೆ ಮುರಿದುಬೀಳುತ್ತದೆ. ಗಿಡ ತನ್ನೊಳಗೆ ಸಣ್ಣ ಪೆಪ್ಟೈಡುಗಳ ಮೂಲಕ ಬೇರಿನಿಂದ ಎಲೆಗೆ, ಎಲೆಯಿಂದ ಬೇರಿಗೆ ಸುದ್ದಿ ಕಳಿಸಿ ಗಂಟುಗಳನ್ನು ತಡೆಯುತ್ತದೆ. ಗಂಟು ಸಾಕುವುದು ದುಬಾರಿ, ಬಿಟ್ಟಿ ಸಾರಜನಕ ಕಾಲಡಿಯಲ್ಲಿರುವಾಗ ಯಾವ ಗಿಡವೂ ಆ ಖರ್ಚಿಗೆ ಒಪ್ಪದು. ಕಡಲೆಗೆ ಯೂರಿಯಾ ಮೇಲುಗೊಬ್ಬರ ಹಾಕಿ, ಗಂಟು ಕಾಣುತ್ತಿಲ್ಲವೆಂದು ರೈಜೋಬಿಯಂ ಪೊಟ್ಟಣವನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಬಿಳಿಜೋಳದ ತಂತ್ರ ತೀರ ಬೇರೆ. ಅದು ಸೂಕ್ಷ್ಮಜೀವಿಯನ್ನು ಕರೆಯುವ ಬದಲು ಒಂದು ಬಗೆಯವನ್ನು ಅಡಗಿಸುತ್ತದೆ. ಮಣ್ಣಿನ ನೈಟ್ರೊಸೊಮೋನಾಸ್‌ನಂಥ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೈಟಾಗಿಸುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟಾಗಿಸುತ್ತದೆ. ನೈಟ್ರೇಟ್ ನೀರಿನೊಡನೆ ಕೆಳಗಿಳಿಯುತ್ತದೆ ಇಲ್ಲವೇ ಅನಿಲವಾಗಿ ಹಾರಿಹೋಗುತ್ತದೆ. ಜೋಳದ ಬೇರುಗೂದಲುಗಳಿಂದ ಒಸರುವ ಸೋರ್ಗೋಲಿಯೋನ್ ಎಂಬ ಹಳದಿ ಎಣ್ಣೆಯಂಥ ವಸ್ತು ಈ ಬ್ಯಾಕ್ಟೀರಿಯಾಗಳ ಕೆಲಸವನ್ನು ತಡೆಯುತ್ತದೆ. ಜಪಾನಿನ ಜಿರ್ಕಾಸ್ ಸಂಸ್ಥೆಯಲ್ಲಿ ಭಾರತ ಮೂಲದ ಜಿ. ವಿ. ಸುಬ್ಬರಾವ್ ಅವರ ತಂಡ ಈ ವಿದ್ಯಮಾನವನ್ನು ವರ್ಷಗಳ ಕಾಲ ಹಿಂಬಾಲಿಸಿತು. ನೀರಿನಲ್ಲಿ ಕರಗುವ ಇನ್ನೊಂದು ತಡೆಕಾರಕ ವಸ್ತುವನ್ನು ಜೋಳದ ಬೇರು ಸುರಿಸುವುದು, ಸುತ್ತ ಅಮೋನಿಯಂ ಇದ್ದು ಮಣ್ಣು ಹುಳಿಯಾಗಿದ್ದಾಗ. ಸುಣ್ಣ ತುಂಬಿದ ಎರೆ ಸುಲಭಕ್ಕೆ ಹುಳಿಯಾಗುವುದಿಲ್ಲವಾದ್ದರಿಂದ ಬಳ್ಳಾರಿಯ ಜೋಳಕ್ಕೆ ಈ ಎರಡನೆಯ ಅಸ್ತ್ರದ ಪ್ರಯೋಜನ ಕಡಿಮೆಯೆಂದೇ ಊಹಿಸಬೇಕು.

2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಲೇಪದ ಕೆಲಸವೂ ಇದೇ ಬ್ಯಾಕ್ಟೀರಿಯಾಗಳನ್ನು ನಿಧಾನಿಸುವುದು.

ಸಿರುಗುಪ್ಪದ ನೀರಡಿ

ನಾಟಿಗೆ ಕೆಸರು ಮಾಡಿ ನೀರು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬೇರೆ ವಸ್ತುಗಳನ್ನು ಹುಡುಕುತ್ತವೆ: ಮೊದಲು ನೈಟ್ರೇಟ್, ನಂತರ ಮ್ಯಾಂಗನೀಸ್, ಫೆರಿಕ್ ಕಬ್ಬಿಣ, ಸಲ್ಫೇಟ್, ಕೊನೆಗೆ ಮೀಥೇನ್ ತಯಾರಿಸುವ ಜೀವಿಗಳ ಸರದಿ. ಕಬ್ಬಿಣ ಕರಗುವ ಫೆರಸ್ ರೂಪಕ್ಕೆ ಬಂದಾಗ ಅದಕ್ಕೆ ಅಂಟಿದ್ದ ರಂಜಕವೂ ಸಡಿಲಾಗುತ್ತದೆ. ಕ್ಷಾರದ ಎರೆಯ ರಸಸಾರ ಇಂಗಾಲದ ಡೈಆಕ್ಸೈಡಿನಿಂದ ಇಳಿದು 7ರತ್ತ ಸರಿಯುತ್ತದೆ. ಒಣ ಹೊಲದಲ್ಲಿ ಕಬ್ಬಿಣ, ರಂಜಕಗಳಿಗೆ ಬಡಿದಾಡುವ ಅದೇ ಮಣ್ಣು ನೀರಡಿಯಲ್ಲಿ ಎರಡನ್ನೂ ಉದಾರವಾಗಿ ಕೊಡುತ್ತದೆ. ಹೀಗಾಗಿ ನೀರು ನಿಂತ ಗದ್ದೆಯ ಭತ್ತಕ್ಕೆ ಮೈಕೊರೈಜಾದ ಅಗತ್ಯವೂ ಕಡಿಮೆ, ಆ ಶಿಲೀಂಧ್ರಕ್ಕೆ ಅಲ್ಲಿ ಉಸಿರೂ ಕಡಿಮೆ.

ಆದರೆ ಸತು ಮಾತ್ರ ವಿರುದ್ಧ ದಾರಿ ಹಿಡಿಯುತ್ತದೆ. ಸುಣ್ಣದ ನೆಲ ಮುಳುಗಿದಾಗ ಅದು ಕರಗದ ರೂಪಗಳಿಗೆ ಸೇರಿಹೋಗುತ್ತದೆ. ನಾಟಿಯಾದ ಕೆಲವು ವಾರಗಳಲ್ಲಿ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಮೂಡಿ ಪೈರು ಕುಂಠಿತವಾಗುವ ಖೈರಾ, ರೋಗವಲ್ಲ, ಸತುವಿನ ಕೊರತೆ ಎಂದು ಪಂತನಗರದ ವೈ. ಎಲ್. ನೆನೆ 1966ರಲ್ಲಿ ಗುರುತಿಸಿದರು. ಇಂದು ಸಿರುಗುಪ್ಪದ ಗೊಬ್ಬರದ ಅಂಗಡಿಯಲ್ಲಿ ಜಿಂಕ್ ಕೇಳದ ರೈತ ಕಡಿಮೆ.

ನೀರಡಿಯ ಭತ್ತದ ಬೇರು ಇನ್ನೊಂದು ಕೆಲಸ ಮಾಡುತ್ತದೆ. ಕಾಂಡದೊಳಗಿನ ಗಾಳಿಕೊಳವೆಗಳ ಮೂಲಕ ಇಳಿದ ಆಮ್ಲಜನಕವನ್ನು ತನ್ನ ಸುತ್ತ ಸೋರಿಸುತ್ತದೆ. ಕಿತ್ತ ಪೈರಿನ ಬೇರಿನ ಮೇಲೆ ಕಾಣುವ ಕೆಂಗಂದು ಲೇಪ ಆ ಆಮ್ಲಜನಕದಿಂದ ಮತ್ತೆ ಗಟ್ಟಿಯಾದ ಕಬ್ಬಿಣ. ಅದು ವಿಷದ ಮಟ್ಟದ ಫೆರಸ್ ಕಬ್ಬಿಣವನ್ನು ತಡೆಯುತ್ತದೆ, ರಂಜಕವನ್ನೂ ಹಿಡಿದಿಡುತ್ತದೆ. ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೈಡ್ ಗೆದ್ದಿದೆ ಎಂದರ್ಥ. ಕೂದಲೆಳೆಯಷ್ಟು ಅಂತರದಲ್ಲಿ ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾ, ಅದರಿಂದಲೇ ಸಾಯುವ ಮೀಥೇನ್ ಜೀವಿಗಳು ಎರಡೂ ಬದುಕುತ್ತವೆ. ಎರಡನ್ನೂ ಸಾಕುವುದು ಬೇರಿನ ಸ್ರಾವವೇ. ಗದ್ದೆಯ ಮೀಥೇನಿನ ಬಹುಪಾಲು ಪೈರಿನ ಅದೇ ಗಾಳಿಕೊಳವೆಗಳ ಮೂಲಕ ಮೇಲೆ ಹೋಗುತ್ತದೆ.

ತಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂಡಿಕಾ ಮತ್ತು ಜಪೋನಿಕಾ ಭತ್ತಗಳನ್ನು ಒಂದೇ ಹೊಲದಲ್ಲಿ ಬೆಳೆಸಿ ಹೋಲಿಸಿದ ಚೀನಾದ ವಿಜ್ಞಾನಿಗಳು, ಇಂಡಿಕಾ ಬೇರಿನಲ್ಲಿ ಸಾರಜನಕದ ಚಕ್ರಕ್ಕೆ ಸೇರಿದ ಬ್ಯಾಕ್ಟೀರಿಯಾ ಹೆಚ್ಚೆಂದು 2019ರಲ್ಲಿ ವರದಿ ಮಾಡಿದರು. ನೈಟ್ರೇಟ್ ಸಾಗಿಸುವ ಒಂದು ಜೀನಿನ ವ್ಯತ್ಯಾಸ ಅದಕ್ಕೆ ಒಂದು ಕಾರಣ. ಸಿರುಗುಪ್ಪದ ಸೋನಾ ಮಸೂರಿ ಇಂಡಿಕಾ ಬಗೆಯದು.

ಕಾಲುವೆಯ ಕೊನೆಯ ಭಾಗದಲ್ಲಿ ನೀರು ತಡವಾಗುವುದು, ಕೂಲಿ ದುಬಾರಿಯಾಗುವುದು ಸೇರಿ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೂರಿಗೆಯಿಂದ ಭತ್ತವನ್ನು ನೇರ ಬಿತ್ತುವ ಪದ್ಧತಿ ಹರಡಿದೆ. ನೀರು ನಿಲ್ಲದ ಆ ಹೊಲದಲ್ಲಿ ಮೇಲಿನ ಲೆಕ್ಕವೆಲ್ಲ ತಿರುಗಿಬೀಳುತ್ತದೆ. ಮೀಥೇನ್ ಇಳಿಯುತ್ತದೆ, ಮೈಕೊರೈಜಾ ಮರಳುತ್ತದೆ, ನೈಟ್ರೇಟ್ ಹೆಚ್ಚುತ್ತದೆ, ಮತ್ತು ಎಳೆಯ ಪೈರು ಕಬ್ಬಿಣವಿಲ್ಲದೆ ಬೆಳ್ಳಗಾಗುತ್ತದೆ.

ಹಳದಿ ಎಲೆ

ಕಬ್ಬಿಣ ಪಡೆಯಲು ಗಿಡಗಳಲ್ಲಿ ಎರಡು ದಾರಿಗಳಿವೆ. ಶೇಂಗಾ, ಕಡಲೆ, ಹತ್ತಿ, ಮೆಣಸಿನಕಾಯಿಯಂಥ ದ್ವಿದಳ ಗಿಡಗಳು ಬೇರಿನ ಸುತ್ತ ಆಮ್ಲ ಸುರಿಸಿ, ಫೀನಾಲು ಸುರಿಸಿ, ಫೆರಿಕ್ ಕಬ್ಬಿಣವನ್ನು ಬೇರಿನ ಮೇಲ್ಮೈಯಲ್ಲೇ ಫೆರಸ್ ಆಗಿಸಿ ಹೀರುತ್ತವೆ. ಹುಲ್ಲಿನ ಕುಟುಂಬದ ಜೋಳ, ಭತ್ತ, ಗೋಧಿ ಮ್ಯೂಜಿನೀಕ್ ಆಮ್ಲದ ಬಳಗದ ಅಣುಗಳನ್ನು ಹೊರಬಿಟ್ಟು, ಕಬ್ಬಿಣವನ್ನು ಹಿಡಿದ ಆ ಅಣುವನ್ನು ಇಡಿಯಾಗಿ ಒಳಗೆಳೆದುಕೊಳ್ಳುತ್ತವೆ. 1976ರಲ್ಲಿ ಜಪಾನಿನ ತಕಾಗಿ ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಇದರ ಸುಳಿವು ಹಿಡಿದರು. ಬಾರ್ಲಿ ಇದನ್ನು ಧಾರಾಳವಾಗಿ ಬಿಡುತ್ತದೆ. ಜೋಳ, ಭತ್ತ ಜಿಪುಣರು. ನೀರು ನಿಂತಾಗ ಭತ್ತ ಫೆರಸ್ ಕಬ್ಬಿಣವನ್ನು ನೇರವಾಗಿಯೂ ಹೀರಬಲ್ಲದು, ಆದ್ದರಿಂದ ಜಿಪುಣತನ ಅಲ್ಲಿ ನಡೆಯುತ್ತದೆ. ಕೂರಿಗೆ ಭತ್ತದಲ್ಲಿ ನಡೆಯುವುದಿಲ್ಲ.

ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಅವು ಸಿಡೆರೋಫೋರ್ ಎಂಬ ಇನ್ನೂ ಬಿಗಿ ಹಿಡಿತದ ಅಣುಗಳನ್ನು ಬಿಡುತ್ತವೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಪ್ರಯೋಗಾಲಯದ ತಟ್ಟೆಯಲ್ಲಿ ಹಳದಿ ಹಸಿರಾಗಿ ಹೊಳೆಯುವುದು ಅಂಥ ಅಣುವಿನಿಂದಲೇ. ಇಂಥ ಬ್ಯಾಕ್ಟೀರಿಯಾ ಬೇರಿನ ಸುತ್ತಲಿನ ಕಬ್ಬಿಣವನ್ನು ಬಾಚಿ, ರೋಗಕಾರಕಗಳಿಗೆ ಸಿಗದಂತೆ ಮಾಡಿ ಗಿಡಕ್ಕೆ ಉಪಕಾರ ಮಾಡುತ್ತದೆ ಎಂದು 1980ರಲ್ಲಿ ಕ್ಲೊಯೆಪ್ಪರ್ ಮತ್ತು ಸಂಗಡಿಗರು ಬರೆದರು. ಸಸಿ ಸೊರಗು ರೋಗಕ್ಕೆ ಸ್ಯೂಡೋಮೊನಾಸ್ ಪುಡಿ ಬಳಸುವ ರೂಢಿಗೆ ಇಂಥ ಸಂಶೋಧನೆಗಳೇ ಬುನಾದಿ. ಇನ್ನೊಂದು ಕಡೆಯಿಂದ, ಕಬ್ಬಿಣದ ಹಸಿವಿನಲ್ಲಿ ಅರಾಬಿಡಾಪ್ಸಿಸ್ ಸುರಿಸುವ ಕೂಮರಿನುಗಳು ಕೆಲವು ಬ್ಯಾಕ್ಟೀರಿಯಾಗಳಿಗೆ ಹಿತ, ಕೆಲವಕ್ಕೆ ವಿಷ ಎಂದು 2018ರಲ್ಲಿ ತಿಳಿಯಿತು. ಒಂದು ಲೋಹದ ಕೊರತೆ ಬೇರಿನ ಸುತ್ತಲಿನ ಜನಸಂಖ್ಯೆಯನ್ನೇ ಬದಲಿಸುತ್ತದೆ.

ಹೊಲದಲ್ಲಿ ಸದ್ಯದ ಪರಿಹಾರ ಸರಳ: ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ಲೀಟರ್ ನೀರಿಗೆ 5 ಗ್ರಾಂ ಪ್ರಮಾಣದಲ್ಲಿ ಕರಗಿಸಿ, ತುಸು ನಿಂಬೆ ಹುಳಿ ಬೆರೆಸಿ ಎಲೆಗೆ ಸಿಂಪಡಿಸುವುದು. ಅದನ್ನೇ ಎರೆಯ ಮಣ್ಣಿಗೆ ಹಾಕಿದರೆ ಬೇಗನೆ ಗಟ್ಟಿಯಾಗಿ ಹಣ ನೀರುಪಾಲು. ಹೊಲದೊಳಗಿನ ಪರಿಹಾರವೊಂದು ಚೀನಾದಲ್ಲಿ ಕಂಡಿದೆ: ಮೆಕ್ಕೆಜೋಳದ ಜೊತೆ ಬೆಳೆದ ಶೇಂಗಾ ಸುಣ್ಣದ ನೆಲದಲ್ಲೂ ಹಸಿರಾಗಿರುತ್ತದೆ, ಏಕೆಂದರೆ ಮೆಕ್ಕೆಜೋಳದ ಬೇರು ಬಿಟ್ಟ ಅಣು ಹಿಡಿದ ಕಬ್ಬಿಣ ಶೇಂಗಾಕ್ಕೂ ದಕ್ಕುತ್ತದೆ.

ಸವಳು

ಕಾಲುವೆ ನೀರಿನ ಇನ್ನೊಂದು ಫಲ ಸವಳು ಮತ್ತು ಜವಳು. ನೀರು ಬಸಿಯದ ಎರೆಯಲ್ಲಿ ಲವಣ ಮೇಲೇರುತ್ತದೆ. ಸೋಡಿಯಂ ಹೆಚ್ಚಿದಾಗ ಜೇಡಿಯ ಕಣಗಳು ಚದುರಿ ಮಣ್ಣಿನ ರಂಧ್ರಗಳು ಮುಚ್ಚುತ್ತವೆ. ಕಡಲೆಯ ಬೇರುಗಂಟು ಇಲ್ಲಿ ಮೊದಲು ಸೋಲುವ ಒಪ್ಪಂದ. ಹಸಿರೆಲೆ ಗೊಬ್ಬರದ ಗಿಡ ಡಯಂಚ ಮಾತ್ರ ನೀರಲ್ಲೂ ಉಪ್ಪಲ್ಲೂ ಗಂಟು ಕಟ್ಟಿ ಬೆಳೆಯುತ್ತದೆ. ಜಿಪ್ಸಂ ಹಾಕಿ, ನೀರು ಬಸಿದು, ಡಯಂಚ ಮಗುಚುವುದು ಇಂಥ ನೆಲಕ್ಕೆ ಹೇಳುವ ಹಳೆಯ ಚಿಕಿತ್ಸೆ. ಉಪ್ಪಿನ ಒತ್ತಡದಲ್ಲಿ ಬೇರು ಎಥಿಲೀನ್ ಹೆಚ್ಚು ತಯಾರಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಎಥಿಲೀನಿನ ಕಚ್ಚಾವಸ್ತುವನ್ನೇ ತಿಂದು ಗಿಡವನ್ನು ಕಾಪಾಡುವ ಬ್ಯಾಕ್ಟೀರಿಯಾಗಳ ಬಗ್ಗೆ ಕೆನಡಾದ ಬರ್ನಾರ್ಡ್ ಗ್ಲಿಕ್ 1998ರಲ್ಲಿ ಮಾದರಿಯೊಂದನ್ನು ಮುಂದಿಟ್ಟ ಮೇಲೆ, ಸವಳು ನೆಲದ ಜೀವಾಣುಗಳ ಹುಡುಕಾಟ ಜಗತ್ತಿನೆಲ್ಲೆಡೆ ಜೋರಾಯಿತು.

ಪೊಟ್ಟಣ ಮತ್ತು ಕಾರ್ಡು

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಯ ಜೀವಾಣು ಗೊಬ್ಬರದ ಪೊಟ್ಟಣವನ್ನು ನೋಡಬೇಕು. ಜೀವಾಣು ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಪುಡಿಯಾಗಿದ್ದರೆ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕೆಂಬುದು ರೈಜೋಬಿಯಂಗೆ ಇಟ್ಟ ಅಳತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ತಗಡಿನ ಚಾವಣಿಯ ಅಂಗಡಿಯೊಳಗೆ ಆ ಸಂಖ್ಯೆ ಉಳಿಯುವುದು ಒಂದು ಸವಾಲು. ಎರಡನೆಯ ಸವಾಲು ಮಣ್ಣಿನದೇ.

ರಂಜಕ ಕರಗಿಸುವ ಬ್ಯಾಕ್ಟೀರಿಯಾವನ್ನು ಆರಿಸುವ ಹಳೆಯ ವಿಧಾನ, 1948ರಲ್ಲಿ ಪಿಕೊವ್ಸ್ಕಾಯಾ ಅವರು ರೂಪಿಸಿದ ತಟ್ಟೆಯ ಪರೀಕ್ಷೆ: ಬಿಳಿಯ ಕ್ಯಾಲ್ಸಿಯಂ ಫಾಸ್ಫೇಟ್ ಹರಡಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಸುತ್ತ ತಿಳಿಯಾದ ಉಂಗುರ ಮೂಡಿದರೆ ಪಾಸು. ಬರೋಡಾದ ಎಂ. ಎಸ್. ವಿಶ್ವವಿದ್ಯಾಲಯದ ಜ್ಞಾನೇಶ್ವರ್, ನರೇಶ್ ಕುಮಾರ್, ಪಾರೇಖ್ 1998ರಲ್ಲಿ ಇದನ್ನು ಪ್ರಶ್ನಿಸಿದರು. ಕ್ಷಾರದ ಕಪ್ಪು ಮಣ್ಣು ಆಮ್ಲವನ್ನು ನುಂಗಿಬಿಡುತ್ತದೆ. ಆ ನುಂಗುವ ಗುಣವನ್ನು ತಟ್ಟೆಗೂ ಸೇರಿಸಿ ನೋಡಿದಾಗ ಪಾಸಾಗಿದ್ದ ಬ್ಯಾಕ್ಟೀರಿಯಾಗಳು ಫೇಲಾದವು. ಮರುವರ್ಷ ಅವರಿಗೆ ತೊಗರಿಯ ಬೇರುವಲಯದಲ್ಲಿ ಎಂಟರೋಬ್ಯಾಕ್ಟರ್ ಅಸ್ಬುರಿಯೆಯ ಒಂದು ಬಗೆ ಸಿಕ್ಕಿತು. ಅದು ಗ್ಲುಕೋನಿಕ್ ಆಮ್ಲವನ್ನು ಹೆಚ್ಚು ಬಿಡುವುದು ತನಗೇ ರಂಜಕ ಕಡಿಮೆಯಾದಾಗ. ಹಸಿವಿನ ಲೆಕ್ಕ ಗಿಡಕ್ಕಷ್ಟೇ ಅಲ್ಲ. ಎರೆಗೆ ಬೇಕಾದ ಪೊಟ್ಟಣವನ್ನು ಎರೆಯಲ್ಲೇ ಪರೀಕ್ಷಿಸಬೇಕು ಎಂಬ ಈ ಸರಳ ಮಾತು ಮಾರಾಟದ ಚೀಟಿಗಳಲ್ಲಿ ಇನ್ನೂ ಕಾಣಿಸುವುದಿಲ್ಲ.

ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆ ಇಕ್ರಿಸ್ಯಾಟ್ ನೆರವಿನಿಂದ ಹೊಲಗಳ ಸತು, ಬೋರಾನ್, ಗಂಧಕದ ಕೊರತೆಯನ್ನು ಎತ್ತಿ ತೋರಿಸಿತು. 2015ರ ಫೆಬ್ರುವರಿಯಲ್ಲಿ ದೇಶಾದ್ಯಂತ ಬಂದ ಮಣ್ಣು ಆರೋಗ್ಯ ಕಾರ್ಡು 12 ಅಂಶಗಳನ್ನು ಅಳೆಯುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಐದು ಸೂಕ್ಷ್ಮ ಪೋಷಕಾಂಶಗಳು, ರಸಸಾರ, ಲವಣಾಂಶ, ಸಾವಯವ ಇಂಗಾಲ. ಇವುಗಳಲ್ಲಿ ಜೀವಾಣುವಿನ ಅಳತೆ ಒಂದೂ ಇಲ್ಲ. ಇರುವ ಅಳತೆಯೂ ಇಡೀ ಹೊಲದಿಂದ ಬೆರೆಸಿ ತೆಗೆದ ಮಣ್ಣಿನದು. ಅಮೋನಿಯಂ ಹೀರುವ ಬೇರು ತನ್ನ ಸುತ್ತ ಹುಳಿ ಬಿಡುತ್ತದೆ, ನೈಟ್ರೇಟ್ ಹೀರುವ ಬೇರು ಕ್ಷಾರವನ್ನು ಬಿಡುತ್ತದೆ. ಬೇರಿನಿಂದ ಒಂದು ಮಿಲಿಮೀಟರಿನೊಳಗಿನ ರಸಸಾರ ಕಾರ್ಡಿನಲ್ಲಿ ಬರೆದ ಅಂಕಕ್ಕಿಂತ ಎರಡು ಅಂಕದವರೆಗೂ ಆಚೀಚೆ ಇರಬಹುದು. ಸುಣ್ಣ ಹೆಚ್ಚಿದಷ್ಟೂ ಆ ಅಂತರ ಕುಗ್ಗುತ್ತದೆ. ಹಗರಿಯ ಎರೆಯಲ್ಲಿ ಕಡಲೆ ಬಿತ್ತಿದವರ ಕಾರ್ಡಿನಲ್ಲೂ, ಸಿರುಗುಪ್ಪದ ಎರೆಯಲ್ಲಿ ನಾಟಿ ಮಾಡಿದವರ ಕಾರ್ಡಿನಲ್ಲೂ ರಂಜಕ, ಕಬ್ಬಿಣದ ಅಂಕಿಗಳು ಒಂದೇ ಇದ್ದರೂ ಅವರ ಬೆಳೆಗೆ ಸಿಗುವ ರಂಜಕ, ಕಬ್ಬಿಣ ಒಂದೇ ಅಲ್ಲ.